ಅಂಗಳದ ಸುತ್ತು, ವೇದಿಕೆಯ ಸಾಲು: ಚಿದ್ರಿ ಶಾಲೆಯ ಕೋಲಾಟ

ಸ್ಮರಣ ಸಂಚಿಕೆಯ ಸಮಿತಿಯವರು ನನಗೆ ಒಪ್ಪಿಸಿದ ವಿಷಯ 'ಶಾಲೆಯ ಸಾಂಸ್ಕೃತಿಕ ಸಾಧನೆ'. ಗೆದ್ದು ತಂದ ಢಾಲುಗಳು, ಪ್ರಮಾಣಪತ್ರಗಳು, ಯಾವ ಊರಲ್ಲಿ ಯಾವಾಗ ಕಾರ್ಯಕ್ರಮ ಕೊಟ್ಟೆವು ಎಂಬ ಪಟ್ಟಿ ಬರೆದುಕೊಟ್ಟರೆ ಸಾಕು ಎಂದಿದ್ದರು. ಆ ಪಟ್ಟಿಯನ್ನು ಆಫೀಸಿನವರು ಆಗಲೇ ಮಾಡಿಟ್ಟಿದ್ದಾರೆ, ಸಂಚಿಕೆಯ ಕೊನೆಗೆ ಅಚ್ಚಾಗುತ್ತದೆ. ಅದರಲ್ಲಿ ಇಲ್ಲದ ಸಂಗತಿ ಒಂದಿದೆ. ಈ ಶಾಲೆಗೆ ಹೆಸರು ತಂದ ಕೋಲಾಟವನ್ನು ಶಾಲೆ ಕಲಿತದ್ದು ಯಾರಿಂದ ಎಂಬುದು ಯಾವ ರಿಜಿಸ್ಟರಿನಲ್ಲೂ ಇಲ್ಲ. ಎಪ್ಪತ್ತರ ದಶಕದಲ್ಲಿ ಇದೇ ಅಂಗಳದಲ್ಲಿ ಕೋಲು ಹಿಡಿದವಳು ನಾನು. ಮುಂದೆ ನೌಕರಿ ಸೇರಿ ಕೆಲವು ವರ್ಷ ಇಲ್ಲೇ ಮಕ್ಕಳಿಗೆ ಕಲಿಸಿದೆ. ಎರಡೂ ಬದಿಯಿಂದ ಕಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಈಗಿನ ಮಕ್ಕಳಿಗೆ ಚಿದ್ರಿ ಎಂದರೆ ಬೀದರ ನಗರದ ಒಂದು ಬಡಾವಣೆ. ಆಗ ಅದು ಊರು. ಹನುಮಂತ ದೇವರ ಗುಡಿ, ಬಾವಿ, ತೊಗರಿ ಹೊಲ, ಹೊಲದಾಚೆ ವಾಯುಪಡೆಯ ಬೇಲಿ. ಬೀದರ ಇರುವುದು ಕೆಂಪು ಜಂಬಿಟ್ಟಿಗೆಯ ಎತ್ತರದ ಮೇಲೆ. ನಮ್ಮ ಶಾಲೆಯ ಅಂಗಳವೂ ಅದೇ ಮೊರಂ ನೆಲ. ಮಳೆ ಬಿದ್ದು ಒಂದು ತಾಸಿಗೆ ನೀರು ಇಳಿದುಹೋಗುತ್ತಿತ್ತು, ಆಟ ನಿಲ್ಲುತ್ತಿರಲಿಲ್ಲ. ಆದರೆ ಬರಿಗಾಲಲ್ಲಿ ಕುಣಿದರೆ ಸಣ್ಣ ಹರಳು ಅಂಗಾಲಿಗೆ ಚುಚ್ಚುತ್ತಿತ್ತು. ಭಾಲ್ಕಿ, ಔರಾದ ಕಡೆಯ ಎರೆ ಭೂಮಿಯ ಮಕ್ಕಳು ನಮ್ಮಲ್ಲಿಗೆ ಸ್ಪರ್ಧೆಗೆ ಬಂದರೆ ಮೊದಲ ದಿನ ಕುಂಟುತ್ತಿದ್ದರು. ತಲೆಯ ಮೇಲೆ ದಿನವಿಡೀ ತರಬೇತಿಯ ಪುಟ್ಟ ವಿಮಾನಗಳು ಸುತ್ತು ಹಾಕುತ್ತಿದ್ದವು. ಹಾಡಿನ ನಡುವೆ ವಿಮಾನ ಬಂದರೆ ಹೇಳುವವರು ಸಾಲನ್ನು ನಿಲ್ಲಿಸಿ, ಸಪ್ಪಳ ಹೋದ ಮೇಲೆ ಮತ್ತೆ ಅಲ್ಲಿಂದಲೇ ಎತ್ತಿಕೊಳ್ಳುತ್ತಿದ್ದರು. ಮುಂದೆ 1996ರಲ್ಲಿ ವಾಯುಪಡೆಯ ಆಕಾಶ ಕಸರತ್ತಿನ ಸೂರ್ಯಕಿರಣ ತಂಡ ಬೀದರಿನಲ್ಲೇ ಹುಟ್ಟಿದಾಗ ನಮ್ಮ ಮಕ್ಕಳಿಗೆ ಆಶ್ಚರ್ಯವಾಗಲಿಲ್ಲ. ಆಕಾಶದಲ್ಲಿ ಜೋಡಿಯಾಗಿ ತಿರುಗುವುದನ್ನು ಅವರು ದಿನಾ ನೋಡಿದವರು.

ಕೋಲಾಟ ಶಾಲೆಗೆ ಬಂದದ್ದು ಹೇಗೆ ಎಂದು ಹೇಳಬೇಕಾದರೆ ಶಾಲೆಯೇ ಈ ಸೀಮೆಗೆ ಹೇಗೆ ಬಂತು ಎಂಬುದನ್ನು ಸ್ವಲ್ಪ ಹೇಳಬೇಕು. ನಿಜಾಮರ ಕಾಲದಲ್ಲಿ ಸರಕಾರಿ ಶಾಲೆಯ ಮಾತು ಉರ್ದು, ಕಚೇರಿಯ ಮಾತೂ ಉರ್ದು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ಜಿಲ್ಲೆಯ ಮನೆಮನೆಗೂ ಗೊತ್ತು. 1948ರ ಸೆಪ್ಟೆಂಬರ್ 17ಕ್ಕೆ ಆ ಆಡಳಿತ ಮುಗಿಯಿತು. 1956ರ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆಯೇ ಮೂರು ಪಾಲಾಯಿತು. ಬೀದರ, ಭಾಲ್ಕಿ, ಔರಾದ, ಹುಮನಾಬಾದ ಮೈಸೂರು ರಾಜ್ಯಕ್ಕೆ ಬಂದವು. ಉದಗೀರ, ನಿಲಂಗಾ, ಅಹ್ಮದಪುರ ಮುಂಬಯಿ ರಾಜ್ಯಕ್ಕೆ ಹೋದವು. ಜಹೀರಾಬಾದ, ನಾರಾಯಣಖೇಡ ಆಂಧ್ರಕ್ಕೆ ಸೇರಿದವು. ನಮ್ಮ ಮನೆಗಳ ಲೆಕ್ಕದಲ್ಲಿ ಇದರ ಅರ್ಥ ಬೇರೆ. ಒಬ್ಬ ಅತ್ತೆ ಜಹೀರಾಬಾದಿನಲ್ಲಿ, ಒಬ್ಬ ಚಿಗವ್ವ ಉದಗೀರಿನಲ್ಲಿ, ಅವರ ಮಕ್ಕಳು ಬೇರೆ ಬೇರೆ ರಾಜ್ಯದ ಪುಸ್ತಕ ಓದುವವರು.

ನಮ್ಮ ಆಯಿಗೆ ಯಾವ ಪುಸ್ತಕವೂ ಇರಲಿಲ್ಲ. ಮುತ್ಯಾ ಪಟವಾರಿಯ ಹತ್ತಿರ ಹೋಗಿ ಉರ್ದು ಕಾಗದ ಓದಿಸಿಕೊಂಡು ಬರುತ್ತಿದ್ದರು. ಆಯಿ ಮನೆಯಲ್ಲಿ ಕನ್ನಡದಲ್ಲಿ ಬೀಸುತ್ತಿದ್ದಳು, ಕನ್ನಡದಲ್ಲಿ ಅಳುತ್ತಿದ್ದಳು, ಶೀಗಿ ಹುಣ್ಣಿಮೆಯ ಆಜೂಬಾಜೂ ಬೆಳದಿಂಗಳಲ್ಲಿ ಓಣಿಯ ಹೆಂಗಸರ ಜೊತೆ ಬುಲಾಯಿ ಆಡುತ್ತಿದ್ದಳು. ಬೀದರಿನವರಿಗೆ ಬುಲಾಯಿ ಏನೆಂದು ಹೇಳಬೇಕಾಗಿಲ್ಲ. ಬೇರೆ ಕಡೆಯ ಓದುಗರಿಗಾಗಿ ಎರಡು ಮಾತು: ಹೆಣ್ಣುಮಕ್ಕಳು ಸುತ್ತಾಗಿ ನಿಲ್ಲುತ್ತಾರೆ, ಒಬ್ಬಾಕೆ ಹಾಡು ಹೇಳುತ್ತಾಳೆ, ಉಳಿದವರು ಸೊಲ್ಲು ಹಿಡಿದು, ನಡು ಬಗ್ಗಿಸಿ ಚಪ್ಪಾಳೆ ಹೊಡೆದು, ಎದ್ದು, ಒಂದು ಹೆಜ್ಜೆ ಬಲಕ್ಕೆ ಸರಿಯುತ್ತಾರೆ. ತವರಿನ ಹಾದಿ, ಕರೆಯಲು ಬಾರದ ಅಣ್ಣ, ಅತ್ತೆಯ ಕಾಟ, ನಾದಿನಿಯ ಚಾಡಿ ಎಲ್ಲ ಆ ಹಾಡುಗಳಲ್ಲಿ ಬರುತ್ತವೆ. ಅತ್ತೆಯೂ ಅದೇ ಸುತ್ತಿನಲ್ಲಿ ಚಪ್ಪಾಳೆ ಹೊಡೆಯುತ್ತಿರುತ್ತಾಳೆ ಎಂಬುದೇ ಅದರ ಸೊಗಸು.

ಮೂಡಣಕ್ಕೆ ಹೋದರೆ ತೆಲಂಗಾಣದ ಹೆಂಗಸರು ಮಹಾಲಯ ಅಮಾವಾಸ್ಯೆಯಿಂದ ಒಂಬತ್ತು ದಿನ ತಂಗಡಿ ಹೂವು, ಚೆಂಡುಹೂವಿನ ಗೋಪುರ ಕಟ್ಟಿ ಬತುಕಮ್ಮನ ಸುತ್ತ ಚಪ್ಪಾಳೆ ಹೊಡೆದು ತಿರುಗುತ್ತಾರೆ. 2014ರಲ್ಲಿ ಅದು ಅಲ್ಲಿನ ರಾಜ್ಯ ಹಬ್ಬವಾಯಿತು. ಮಹಾರಾಷ್ಟ್ರದ ವಿದರ್ಭ, ಖಾನದೇಶದ ಕಡೆ ಭುಲಾಬಾಯಿಯ ಹಾಡು, ಪುಣೆಯ ಕಡೆ ಆನೆಯ ಚಿತ್ರದ ಸುತ್ತ ಭೋಂಡ್ಲಾ. ಗಡಿ ಎಳೆದವರು ಈ ಸುತ್ತುಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ, ತೆಗೆದುಕೊಂಡಿದ್ದರೂ ಗೆರೆ ಎಲ್ಲಿ ಎಳೆಯಬೇಕೆಂದು ತಿಳಿಯುತ್ತಿರಲಿಲ್ಲ. ಜಹೀರಾಬಾದಿನ ಅತ್ತೆ ಹಬ್ಬಕ್ಕೆ ಬಂದಾಗ ನಮ್ಮ ಹಾಡಿನ ನಡುವೆ ತೆಲುಗಿನ ಸೊಲ್ಲು ಹಾಕುತ್ತಿದ್ದಳು, ಯಾರೂ ತಡೆಯುತ್ತಿರಲಿಲ್ಲ.

ಗಂಡುಹುಡುಗರು ಹೆಜ್ಜೆ ಕಲಿತದ್ದು ಬೇರೆ ಕಡೆ. ಮೊಹರಮ್ಮಿನಲ್ಲಿ ಅಲಾಯಿ ಕುಣಿ ತೋಡಿ ಬೆಂಕಿ ಹಾಕಿದರೆ ಹಿಂದೂ ಮುಸಲ್ಮಾನ ಎನ್ನದೆ ಊರಿನ ಗಂಡಸರೆಲ್ಲ ಅದರ ಸುತ್ತ ಕುಣಿಯುತ್ತಿದ್ದರು. ತಾಶಾದ ಪೆಟ್ಟಿಗೆ ಹೆಜ್ಜೆ ಬದಲಿಸುವುದು, ಮೈ ವಾಲಿಸುವುದು, ಮುಂದಿನವನ ಬೆನ್ನಿಗೆ ತಾಗದಂತೆ ಅಂತರ ಕಾಯುವುದು, ಇಷ್ಟು ಬಂತೆಂದರೆ ಕೋಲಾಟದ ಅರ್ಧ ಬಂದಂತೆ. ಉಳಿದರ್ಧ ಗುಡಿಯ ಭಜನೆಯಲ್ಲಿ ಸಿಗುತ್ತಿತ್ತು. ಔರಾದ, ಕಮಲನಗರದ ಕಡೆ ಪಂಢರಪುರದ ದಾರಿ ಹಿಡಿಯುವ ವಾರಕರಿಗಳು ತಾಳ ಹೊಡೆಯುತ್ತ ಹಾಕುವ ಹೆಜ್ಜೆಗಳನ್ನು ನಮ್ಮೂರಿನ ಭಜನೆಯವರೂ ಹಾಕುತ್ತಿದ್ದರು. ಹೀಗೆ ಶಾಲೆಯ ಗೋಡೆಯಾಚೆ ಮೂರು ಸುತ್ತುಗಳು ತಮ್ಮಷ್ಟಕ್ಕೆ ನಡೆದಿದ್ದವು, ಒಂದು ಬೆಳದಿಂಗಳಲ್ಲಿ, ಒಂದು ಬೆಂಕಿಯ ಸುತ್ತ, ಒಂದು ಗುಡಿಯ ಮುಂದೆ. ಒಂದಕ್ಕೂ ನೋಡುವವರು ಎಂಬ ಬೇರೆ ಜಾತಿ ಇರಲಿಲ್ಲ. ಬಂದವರು ಸುತ್ತಿಗೆ ಸೇರುತ್ತಿದ್ದರು, ದಣಿದವರು ಹೊರಗೆ ಕೂಡುತ್ತಿದ್ದರು.

ರಾಜ್ಯ ಒಂದಾದ ಮೇಲೆ ಕನ್ನಡ ಕಲಿಸಲು ಧಾರವಾಡ, ವಿಜಾಪುರದ ಕಡೆಯಿಂದ ಬೀದರಿಗೆ ಬಹಳ ಜನ ಮಾಸ್ತರರು ಬಂದರು. ನಮ್ಮ ಶಾಲೆಗೆ ಬಂದ ದೈಹಿಕ ಶಿಕ್ಷಕರೂ ಆ ಕಡೆಯವರೇ. ಕವಾಯತು, ಲೇಜಿಮು, ಡಂಬೆಲ್ಸು ಎಲ್ಲ ಕಲಿಸಿದ ಮೇಲೆ ಕೋಲಾಟಕ್ಕೆ ಕೈ ಹಾಕಿದರು. ಅವರಿಗೆ ತಾಳ ಗೊತ್ತು, ಶಿಸ್ತು ಗೊತ್ತು, ಹುಡುಗರನ್ನು ಸಾಲು ನಿಲ್ಲಿಸುವುದು ಚೆನ್ನಾಗಿ ಗೊತ್ತು. ವರಸೆ ಬದಲಿಸಲು ಸೀಟಿ ಊದುತ್ತಿದ್ದರು. ಒಂದು ಸೀಟಿಗೆ ಜೋಡಿ ಕೋಲು, ಎರಡಕ್ಕೆ ಕೂತು ಹೊಡೆಯುವ ಕೋಲು, ಉದ್ದ ಸೀಟಿಗೆ ಹಿಂದಿರುಗುವುದು. ನಾನು ಐದನೆಯ ಇಯತ್ತೆಯಲ್ಲಿದ್ದಾಗ ನಡೆಯುತ್ತಿದ್ದ ತಾಲೀಮು ಹೀಗೆಯೇ ಇತ್ತು. ನೋಡಲು ಪೊಲೀಸರ ಪರೇಡಿಗೆ ಕೋಲು ಕೊಟ್ಟ ಹಾಗೆ ಕಾಣುತ್ತಿತ್ತು.

ಶಾಲೆಗೆ ನೀರು ತುಂಬಲು ಒಬ್ಬ ಹೆಣ್ಣುಮಗಳು ಬರುತ್ತಿದ್ದಳು. ಹುಡುಗರು, ಮಾಸ್ತರರು, ಎಲ್ಲರೂ ಆಕೆಯನ್ನು ಕರೆಯುತ್ತಿದ್ದದ್ದು ಕಾಕಿ ಎಂದೇ. ಅವಳು ಊರಿನಲ್ಲಿ ಬುಲಾಯಿಗೆ ಹಾಡು ಹೇಳುವವಳು, ಮದುವೆಗೆ ಸೋಬಾನೆ ಹೇಳುವವಳು. ಒಂದು ಮಧ್ಯಾಹ್ನ ತಾಲೀಮು ನಡೆದಾಗ ಕೊಡ ಇಳಿಸಿ ಸ್ವಲ್ಪ ಹೊತ್ತು ನೋಡಿದಳು.

"ಗುರುಗಳೇ, ಸೀಟಿ ಊದಿದ್ರ ಹಾಡು ಅಂಜಿ ಓಡ್ತದ್ರಿ" ಎಂದಳು.

ಮಾಸ್ತರರು ನಕ್ಕು, "ಮತ್ತ ಹ್ಯಾಂಗ ಮಾಡ್ಬೇಕು, ನೀನೇ ಹೇಳು" ಎಂದರು. ಅವಳು ಹೇಳಲಿಲ್ಲ. ಕೊಡ ಎತ್ತಿಕೊಂಡು ಹೋದಳು. ಮರುದಿನ ಮಾಸ್ತರರೇ ಅವಳ ಮನೆಗೆ ಹೋಗಿ ಕರೆದುಬಂದರು. ಅವರ ದೊಡ್ಡತನ ಇದು. ಹಾಗೆ ಕರೆಯಲು ಹೋಗುವ ಮಾಸ್ತರರು ಆಗಲೂ ಬಹಳ ಇರಲಿಲ್ಲ.

ಕಾಕಿ ಸುಲಭಕ್ಕೆ ಒಲಿಯುವವಳಲ್ಲ. ತಾಲೀಮಿಗೆ ಬಂದ ದಿನ ನೀರಿನ ಕೆಲಸಕ್ಕೆ ಬೇರೆಯವರನ್ನು ನೋಡಿಕೊಳ್ಳಿರಿ ಎಂದು ಮೊದಲೇ ಹೇಳಿಬಿಟ್ಟಳು. ಹಬ್ಬಕ್ಕೊಂದು ಸೀರೆ ಕೇಳಿದಳು, ಅದನ್ನು ಮಾಸ್ತರರು ಸ್ವಂತ ಪಗಾರದಲ್ಲಿ ಕೊಡಿಸಿದರು ಎಂದು ಕೇಳಿದ್ದೇನೆ. ಕೆಲವು ಹಾಡುಗಳನ್ನು ನಾವು ಎಷ್ಟು ಗೋಗರೆದರೂ ಹೇಳಿಕೊಡಲಿಲ್ಲ. "ಇವು ಪೋರಿಗೋಳಿಗೆ ಹೇಳೋ ಹಾಡಲ್ಲ, ಲಗ್ನ ಆಗ್ಲಿ, ಆಮ್ಯಾಲ ಬರ್ರಿ" ಎನ್ನುತ್ತಿದ್ದಳು. ನಮಗೆಲ್ಲ ಲಗ್ನವಾಗುವ ಹೊತ್ತಿಗೆ ಆಕೆ ಇರಲಿಲ್ಲ. ಆ ಹಾಡುಗಳು ಹೋದವು.

ಅವಳು ಕಲಿಸಿದ ರೀತಿಯಲ್ಲಿ ಮೊದಲು ಕೋಲಿರಲಿಲ್ಲ. ಬರೀ ಕೈಯಲ್ಲಿ ಸುತ್ತು, ಬಾಯಲ್ಲಿ ಹಾಡು. ಹಾಡುತ್ತ ಹೆಜ್ಜೆ ಹಾಕಿದರೆ ಎರಡು ನಿಮಿಷಕ್ಕೆ ಏದುಸಿರು ಬರುತ್ತಿತ್ತು. "ಉಸರಿಲ್ಲಂದ್ರ ಹೆಜ್ಜಿ ಸಣ್ಣ ಮಾಡ್ರಿ. ಹಾಡು ಬಿಡಬ್ಯಾಡ್ರಿ" ಎಂದು ಕೂಗುತ್ತಿದ್ದಳು. ವರಸೆ ಬದಲಿಸಲು ಸೀಟಿಯ ಬದಲು ಹಾಡನ್ನೇ ಬಳಸಿದಳು. ಸೊಲ್ಲಿನ ಕೊನೆಯನ್ನು ಎತ್ತರಿಸಿದರೆ ಒಳಗೆ ತಿರುಗಬೇಕು, ಎಳೆದರೆ ಕೂಡಬೇಕು, ಎರಡು ಸಲ ಅದೇ ಸಾಲು ಬಂದರೆ ಜೋಡಿ ಬದಲಿಸಬೇಕು. ಕಿವಿಯಿಂದ ಕಲಿತ ಆ ಸೂಚನೆ ಕಾಲಿಗೆ ನೇರ ಇಳಿಯುತ್ತಿತ್ತು. ಇಂದಿಗೂ ಯಾರಾದರೂ ಭಜನೆಯಲ್ಲಿ ಸೊಲ್ಲು ಎಳೆದರೆ ನನ್ನ ಮೊಣಕಾಲು ತಾನಾಗಿ ಬಗ್ಗುತ್ತದೆ, ಈಗ ಅದು ನೋಯುತ್ತದೆ ಎಂಬುದು ಬೇರೆ ಮಾತು.

ಕೋಲು ಕೈಗೆ ಬಂದಾಗಲೂ ಒಂದು ಕ್ರಮವಿತ್ತು. ಸಣ್ಣವರಿಗೆ ತೊಗರಿ ಕಟ್ಟಿಗೆ. ರಾಶಿಯಾದ ಮೇಲೆ ಹೊಲದಲ್ಲಿ ಬೇಕಾದಷ್ಟು ಬಿದ್ದಿರುತ್ತಿತ್ತು. ಹಗುರ, ನೇರ, ಆದರೆ ಜೋರಾಗಿ ಬಡಿದರೆ ಮುರಿಯುತ್ತದೆ. ಅದೇ ಕಾರಣಕ್ಕೆ ಸಣ್ಣವರ ಕೈಗೆ ಕೊಡುತ್ತಿದ್ದರು. ಮುರಿಯದಂತೆ ಬಡಿಯಲು ಕಲಿತವನಿಗೆ ಮಾತ್ರ ಬೇವಿನ ಅಥವಾ ಜಾಲಿಯ ಗಟ್ಟಿ ಕೋಲು. ಬಡಿಗನ ಹತ್ತಿರ ಒಂದೂವರೆ ಗೇಣಿಗೆ ಕೊಯ್ಸಿ, ತುದಿ ದುಂಡಗೆ ಮಾಡಿಸಿ, ಅಡುಗೆಮನೆಯ ಅಟ್ಟದಲ್ಲಿ ಹೊಗೆಗೆ ಇಡುತ್ತಿದ್ದರು. ಹಸಿ ಕೋಲು ಮಂದ ಸಪ್ಪಳ ಕೊಡುತ್ತದೆ, ಹೊಗೆ ಕುಡಿದದ್ದು ಟಣ್ ಎನ್ನುತ್ತದೆ. ಬೇರೆ ಬೇರೆ ಮನೆಯ ಅಟ್ಟದಿಂದ ಬಂದ ಕೋಲುಗಳ ಸಪ್ಪಳ ಬೇರೆ. ಮಾಸ್ತರರು ಕಣ್ಣು ಮುಚ್ಚಿ ಕೇಳಿ ಸಪ್ಪಳ ಹೊಂದುವ ಕೋಲುಗಳನ್ನು ಜೋಡಿ ಮಾಡಿ, ಆಮೇಲೆ ಹುಡುಗರನ್ನು ಜೋಡಿ ಮಾಡುತ್ತಿದ್ದರು. ಜಗಳಾಡುವ ಇಬ್ಬರು ಎದುರುಬದುರು ಬರುವುದು ಹಾಗೆಯೇ.

ಜಡೆ ಕೋಲಾಟ ನಮ್ಮ ಶಾಲೆಯ ಹೆಸರಾಗಿತ್ತು. ಅಂಗಳದ ಬೇವಿನ ಮರದ ಅಡ್ಡಟೊಂಗೆಯಿಂದ ಎಂಟು ಬಣ್ಣದ ಪಟ್ಟಿಗಳು ಇಳಿಬಿದ್ದಿರುತ್ತಿದ್ದವು. ಹಳೆಯ ಸೀರೆಯನ್ನು ಹರಿದು ಬಣ್ಣಕ್ಕೆ ಅದ್ದಿ ಮಾಡಿದವು. ಒಂದೊಂದರ ತುದಿ ಒಬ್ಬೊಬ್ಬರ ಎಡಗೋಲಿಗೆ ಕಟ್ಟಿರುತ್ತಿತ್ತು. ನಾಲ್ವರು ಬಲಸುತ್ತು, ನಾಲ್ವರು ಎಡಸುತ್ತು. ಎದುರಿಗೆ ಬಂದ ಮೊದಲನೆಯವಳನ್ನು ಒಳಗಿನಿಂದ ದಾಟಬೇಕು, ಎರಡನೆಯವಳನ್ನು ಹೊರಗಿನಿಂದ. ಹೀಗೆ ಒಳಗೆ ಹೊರಗೆ ದಾಟುತ್ತ, ದಾಟುವಾಗೆಲ್ಲ ಕೋಲಿಗೆ ಕೋಲು ತಾಗಿಸುತ್ತ ಹೋದರೆ ಮೇಲೆ ಜಡೆ ಇಳಿಯುತ್ತ ಬರುತ್ತದೆ. ಪಟ್ಟಿ ಮೊಳದುದ್ದ ಉಳಿದಾಗ ತಿರುಗಿ ನಿಂತು ಅದೇ ದಾರಿಯಲ್ಲಿ ಬಿಚ್ಚಬೇಕು. ಕೊನೆಗೆ ದಾಟಿದವಳನ್ನು ಮೊದಲು ದಾಟಬೇಕು. ಹೆಣೆಯುವಾಗ ಉತ್ಸಾಹ ಇರುತ್ತದೆ. ಬಿಚ್ಚುವಾಗ ದಣಿವು, ಕಣ್ಣಿಗೆ ಬೆವರು, ಜೊತೆಗೆ ಹಾಡು.

ಒಮ್ಮೆ ಗಣರಾಜ್ಯ ದಿನದ ಹಿಂದಿನ ಸಂಜೆ ಬಿಚ್ಚುವಾಗ ಜಡೆ ಸಿಕ್ಕಾಯಿತು. ಎಲ್ಲರೂ ಒಬ್ಬರಿಗೊಬ್ಬರು ಬೊಟ್ಟು ಮಾಡಿದೆವು. ಮಾಸ್ತರರು ನಿಚ್ಚಣಿಕೆ ತರಿಸಿ ಮೇಲಿನಿಂದ ಗಂಟು ಬಿಚ್ಚಲು ಹೊರಟರು, ಹಾಗೆ ಮಾಡಿದ್ದರೆ ಎಂಟು ಪಟ್ಟಿಯನ್ನೂ ಮತ್ತೆ ಅಳೆದು ಕಟ್ಟಬೇಕಾಗುತ್ತಿತ್ತು. ಕಾಕಿ ನಮ್ಮ ಯಾರ ಮುಖವನ್ನೂ ನೋಡಲಿಲ್ಲ. ಜಡೆಯ ಕೆಳಗೆ ನಿಂತು ತಲೆ ಎತ್ತಿ, ಒಂದೇ ಬಣ್ಣವನ್ನು ಬೆರಳಲ್ಲಿ ಹಿಂಬಾಲಿಸಿದಳು. "ಹಳದಿ ಪೋರಿ, ಎರಡು ಮಂದಿ ಹಿಂದಕ್ಕ ಬಾ. ಕೆಂಪಿನಾಕಿ, ನೀ ಕೋಲು ಮ್ಯಾಲ ಎತ್ತು. ಈಗ ಹಳದಿ, ಆಕಿ ಕೈಯಾಗಿಂದ ತೂರು" ಎಂದಳು. ಹುಡುಗಿ ತೂರಿದಳು, ಪಟ್ಟಿ ಸಡಿಲಾಯಿತು. ಇದಾದ ಮೇಲೆ ಮಾಸ್ತರರು ಜಡೆ ಕೋಲಿನ ತಾಲೀಮನ್ನು ಪೂರ್ತಿ ಆಕೆಗೇ ಬಿಟ್ಟರು. ಈಗ ಆಫೀಸಿನ ರಿಜಿಸ್ಟರು ತೆರೆದು ನೋಡಿದೆ. ಆ ವರ್ಷಗಳಲ್ಲಿ 'ತರಬೇತುದಾರರು' ಎಂಬ ಕಾಲಮಿನಲ್ಲಿ ಮಾಸ್ತರರ ಹೆಸರು ಮಾತ್ರ ಇದೆ. ಅದನ್ನು ಬರೆದವರು ಮಾಸ್ತರರಲ್ಲ, ಗುಮಾಸ್ತರು. ಕಾಲಮಿನಲ್ಲಿ ಒಂದೇ ಹೆಸರಿಗೆ ಜಾಗವಿತ್ತು.

ನಾವು ಮೊದಲ ಸಲ ವೇದಿಕೆ ಕಂಡದ್ದು ಭಾಲ್ಕಿಯಲ್ಲಿ. ಪರಳಿ ಕಡೆ ಹೋಗುವ ಪ್ಯಾಸೆಂಜರು ಗಾಡಿಯಲ್ಲಿ ಹೋದೆವು. ಡಬ್ಬಿಯಲ್ಲಿ ಜೋಳದ ರೊಟ್ಟಿ, ಹಿಂಡಿ ಪಲ್ಲೆ, ಸೇಂಗಾ ಚಟ್ನಿ. ಖಾನಾಪುರ ಬಂದಾಗ ದೊಡ್ಡವರು ಮೈಲಾರ ಮಲ್ಲಣ್ಣನ ದಿಕ್ಕಿಗೆ ಕೈ ಮುಗಿದರು. ಮನೆಮನೆಯಿಂದ ಕೇಳಿ ತಂದ ಇಳಕಲ್ ಸೀರೆಗಳ ಗಂಟು ನಮ್ಮ ಕಾಲಡಿ ಇತ್ತು. ಯಾವ ಸೀರೆ ಯಾರ ಮನೆಯದು ಎಂದು ಚೀಟಿ ಹಚ್ಚಿ ಪಿನ್ನು ಚುಚ್ಚಿದ್ದರು. ಅಲ್ಲಿ ಹೋಗಿ ನೋಡಿದರೆ ಹಲಗೆಯ ವೇದಿಕೆ, ಮುಂದೆ ಕುರ್ಚಿಗಳು, ಕುರ್ಚಿಗಳಲ್ಲಿ ತೀರ್ಪುಗಾರರು. ನಾವು ಯಾವತ್ತಿನಂತೆ ಸುತ್ತಾಗಿ ನಿಂತೆವು. ಒಬ್ಬ ಸಂಘಟಕರು ಬಂದು, ಪ್ರೇಕ್ಷಕರಿಗೆ ಬೆನ್ನು ತೋರಿಸಬಾರದು, ಅರ್ಧಚಂದ್ರದ ಹಾಗೆ ನಿಲ್ಲಿ ಎಂದರು. ಸುತ್ತಿನಲ್ಲಿ ಯಾರಾದರೊಬ್ಬರು ಬೆನ್ನು ತೋರಿಸಲೇಬೇಕಲ್ಲ! ಕಾಕಿ ಬಂದಿರಲಿಲ್ಲ, ಮನೆ ಬಿಟ್ಟು ಒಂದು ರಾತ್ರಿ ಹೊರಗಿರುವುದು ಆಕೆಗೆ ಸಾಧ್ಯವಿರಲಿಲ್ಲ. ಮಾಸ್ತರರು ಅಲ್ಲೇ ನಿಂತ ಕಾಲಲ್ಲಿ ಆಟವನ್ನು ತಿದ್ದಿದರು. ನಾವು ಅರ್ಧ ಸುತ್ತು ಆಡಿ, ಎರಡನೆಯ ಬಹುಮಾನ ತಂದೆವು. ಕೊನೆಯ ಪುಟದ ಪಟ್ಟಿಯಲ್ಲಿ ಆ ಬಹುಮಾನವಿದೆ.

ಆ ದಿನದಿಂದ ಶಾಲೆಯ ಕೋಲಾಟದ ದಿಕ್ಕು ಬದಲಾಯಿತು. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ, ಮುಂದಿನ ಸಲವೂ ವೇದಿಕೆ ಇರುತ್ತದೆ ಎಂದು ತಾಲೀಮೇ ಅರ್ಧಚಂದ್ರದಲ್ಲಿ ಶುರುವಾಯಿತು. ಅರ್ಧಚಂದ್ರ ಕೆಲವೇ ವರ್ಷಗಳಲ್ಲಿ ಸಾಲಾಯಿತು. ಸಾಲಿನಲ್ಲಿ ನಿಂತರೆ ಎದುರಿಗಿನವಳ ಕೋಲು ಕಾಣುವುದಿಲ್ಲ, ಎದುರಿಗೆ ಕಾಣುವುದು ತೀರ್ಪುಗಾರರ ಮುಖ. ಕೋಲಾಟಕ್ಕೆ ಬೇಕಾದ ಕಣ್ಣು ಜೊತೆಗಾತಿಯ ಮಣಿಕಟ್ಟಿನ ಮೇಲಿರಬೇಕು. ಅದು ನಗುವಿಗೆ ಹೋಯಿತು. 'ಮುಖದಲ್ಲಿ ಭಾವ' ಎಂಬುದಕ್ಕೂ ಅಂಕ ಬರಲು ಶುರುವಾಗಿತ್ತು.

ಹಾಗಂತ ಶಾಲೆಯದು ಕೇವಲ ಕೆಡಿಸಿದ ಕಥೆಯಲ್ಲ. ಶಾಲೆ ಇರದಿದ್ದರೆ ನಮ್ಮ ವಾರಗೆಯ ಹುಡುಗಿಯರಿಗೆ ಕೋಲು ಹಿಡಿಯುವ ಅವಕಾಶವೇ ಇರುತ್ತಿರಲಿಲ್ಲ. ಊರಿನ ಕೋಲಾಟ ಗಂಡಸರದು, ಹೆಂಗಸರಿಗೆ ಬುಲಾಯಿಯ ಬರಿಗೈ. ಎರಡನ್ನೂ ಸೇರಿಸಿ ಹೆಣ್ಣುಮಕ್ಕಳ ಕೈಗೆ ಕೋಲು ಕೊಟ್ಟದ್ದು ಶಾಲೆಯೇ. ತಾಶಾ ಬಾರಿಸಲು ಮೊಹರಮ್ಮಿನ ತಂಡದ ಹುಡುಗನನ್ನು ಕರೆದು ತಂದದ್ದೂ ಶಾಲೆಯೇ. ಕೋಲಾಟಕ್ಕೆ ತಾಶಾ ಎಲ್ಲೂ ಇಲ್ಲ, ಹಲಗೆ, ತಾಳ, ಪೇಟಿ ಇರುತ್ತದೆ ಎಂದು ಒಮ್ಮೆ ಬೇರೆ ಶಾಲೆಯ ಮಾಸ್ತರರು ಆಕ್ಷೇಪ ತೆಗೆದರು. ನಮ್ಮ ಮಾಸ್ತರರು, "ಬೀದರಿನಾಗ ಅದ" ಎಂದು ಮಾತು ಮುಗಿಸಿದರು.

ಶಾಲೆಯಿಂದ ಕುಣಿತ ಉಳಿದದ್ದು ಬೇರೆ ಕಡೆಯೂ ಉಂಟು. ಐರ್ಲೆಂಡು ಮತ್ತು ಇಂಗ್ಲೆಂಡಿನ ನಡುವಿನ ಸಮುದ್ರದಲ್ಲಿ ಮ್ಯಾನ್ ಎಂಬ ದ್ವೀಪವಿದೆ. ವಿಸ್ತೀರ್ಣ 572 ಚದರ ಕಿಲೋಮೀಟರು, ನಮ್ಮ ಜಿಲ್ಲೆಯ ಹತ್ತರಲ್ಲಿ ಒಂದು ಪಾಲು. ಅದರ ಬಗ್ಗೆ ಓದಿದಾಗ ನನಗೆ ಕಾಕಿಯ ನೆನಪಾಯಿತು. ಅಲ್ಲಿನವರ ಮಾತಾದ ಮ್ಯಾಂಕ್ಸ್ ಭಾಷೆಯನ್ನು ಹುಟ್ಟಿನಿಂದ ಆಡುತ್ತಿದ್ದ ಕೊನೆಯವರು ನೆಡ್ ಮ್ಯಾಡ್ರೆಲ್ ಎಂಬ ಮೀನುಗಾರ, 1974ರಲ್ಲಿ ತೀರಿಕೊಂಡರು. ಮಾತು ಹೋಗುವ ಮೊದಲೇ ದ್ವೀಪದ ಕುಣಿತಗಳು ಕಣ್ಮರೆಯಾಗುತ್ತಿದ್ದವು. ಮೋನಾ ಡಗ್ಲಸ್ ಎಂಬಾಕೆ ಮುದುಕರ ಮನೆ ಸುತ್ತಿ, ಅವರಿಗೆ ನೆನಪಿದ್ದ ಹಾಡು, ಹೆಜ್ಜೆಗಳನ್ನು ಬರೆದುಕೊಂಡರು. ಶಾಲೆಯ ಮಾಸ್ತರರು ಅವನ್ನು ಮಕ್ಕಳಿಗೆ ಕಲಿಸಿದರು. 1951ರಲ್ಲಿ ಅಲ್ಲಿ ಮ್ಯಾಂಕ್ಸ್ ಜನಪದ ಕುಣಿತದ ಸಂಘ ಹುಟ್ಟಿತು. ಅಲ್ಲಿನವರ ಬಾಲ್ಯದ ನೆನಪಿನಲ್ಲಿ ಈಗ ಆ ಕುಣಿತಗಳು ಇರುವುದು ಹೀಗೆ ಶಾಲೆಯ ಮೂಲಕ. ಡಗ್ಲಸ್ ಕೇಳಿದ್ದೆಷ್ಟು, ತಾವೇ ತುಂಬಿದ್ದೆಷ್ಟು ಎಂಬ ಚರ್ಚೆ ಅಲ್ಲಿ ಇಂದಿಗೂ ಇದೆ. ನನಗೆ ಹಿಡಿಸಿದ್ದು ಆ ಚರ್ಚೆಯೇ. ಯಾವ ಹೆಜ್ಜೆ ಯಾವ ಮುದುಕನದು ಎಂದು ಯಾರೋ ಬರೆದಿಟ್ಟದ್ದಕ್ಕೆ ತಾನೇ ಈಗ ಅದು ನಿಜವೇ ಎಂದು ಕೇಳಲು ಆಗುತ್ತದೆ? ಬೀದರಿನಲ್ಲಿ ಜಗನ್ನಾಥ ಹೆಬ್ಬಾಳೆಯವರಂಥವರು ಜಿಲ್ಲೆಯ ಹಾಡುಗಳನ್ನು ಸಂಗ್ರಹಿಸಿ ಪುಸ್ತಕ ಮಾಡಿದ್ದಾರೆ, ಹಾಡು ಉಳಿಯಿತು. ಕಾಲಿನ ಲೆಕ್ಕ ಬರೆದವರು ಕಡಿಮೆ.

ಲಂಬಾಣಿ ಕುಣಿತದ ವಿಷಯದಲ್ಲಿ ನಮ್ಮ ಶಾಲೆ ನಡೆದುಕೊಂಡ ರೀತಿ ನನಗೆ ಇಂದಿಗೂ ಹಿಡಿಸುವುದಿಲ್ಲ. ಔರಾದ, ಭಾಲ್ಕಿ ತಾಲೂಕುಗಳಲ್ಲಿ ತಾಂಡಾಗಳು ಬಹಳ. ತೀಜ್ ಹಬ್ಬದಲ್ಲಿ ಮದುವೆಯಾಗದ ಹುಡುಗಿಯರು ಬುಟ್ಟಿಯಲ್ಲಿ ಗೋಧಿ ಮೊಳಕೆ ಬರಿಸಿ ಒಂಬತ್ತು ದಿನ ಅದರ ಸುತ್ತ ಆಡುತ್ತಾರೆ. ದೀಪಾವಳಿಯಲ್ಲಿ ದೀಪ ಹಿಡಿದು ಮನೆಮನೆಗೆ ಹೋಗಿ 'ಮೇರಾ' ಹಾಡು ಹೇಳುತ್ತಾರೆ. ಕನ್ನಡಿ, ಕವಡೆ, ನಾಣ್ಯ ಹೊಲಿದ ಅವರ ಫೇಟಿಯಾ ಲಂಗ ಹೊತ್ತು ತಿರುಗುವುದೇ ಒಂದು ಕಸರತ್ತು, ಆ ಭಾರದಿಂದಲೇ ಅವರ ತಿರುಗುವಿಕೆಗೆ ನಿಧಾನ ಬಂದಿರುವುದು. ನಮ್ಮ ಶಾಲೆಯವರು ಬೀದರಿನಲ್ಲಿ ಬಾಡಿಗೆಗೆ ಸಿಗುವ ಹಗುರ ಬಟ್ಟೆ ತಂದು, ತಾಂಡಾದವರಲ್ಲದ ಹುಡುಗಿಯರಿಗೆ ತೊಡಿಸಿ, ಸಿನಿಮಾ ಹಾಡಿಗೆ ಕುಣಿಸಿದರು. ಅದಕ್ಕೂ ಬಹುಮಾನ ಬಂತು. ಅದೇ ತರಗತಿಯಲ್ಲಿ ತಾಂಡಾದ ಹುಡುಗಿಯರಿಬ್ಬರು ಓದುತ್ತಿದ್ದರು. ಅವರನ್ನು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಸಮಿತಿಯವರು ಈ ಪ್ಯಾರಾ ಬಿಡಬಹುದೇ ಎಂದು ಕೇಳಿದರು. ಬೇಡ, ಇರಲಿ ಎಂದೆ.

ಎಂಬತ್ತರ ದಶಕದ ಕೊನೆಗೆ ನಾನು ಶಿಕ್ಷಕಿಯಾಗಿ ಇದೇ ಶಾಲೆಗೆ ಬಂದಾಗ ಟೇಪ್ ರೆಕಾರ್ಡರು ಬಂದಿತ್ತು. ವೇದಿಕೆಗಿಂತ ದೊಡ್ಡ ಬದಲಾವಣೆ ತಂದದ್ದು ಇದು ಎಂದು ನನ್ನ ಎಣಿಕೆ. ಕಾಕಿ ಹಾಡುವಾಗ ಸಣ್ಣ ಹುಡುಗಿಯ ಕೋಲು ಕೈ ಜಾರಿ ಬಿದ್ದರೆ ಅದೇ ಸಾಲನ್ನು ಇನ್ನೊಮ್ಮೆ ಹೇಳುತ್ತಿದ್ದಳು. ಕೋಲು ಎತ್ತಿಕೊಂಡು ಹುಡುಗಿ ಸುತ್ತಿಗೆ ಸೇರುವ ತನಕ ಹಾಡು ಅಲ್ಲೇ ನಿಂತಿರುತ್ತಿತ್ತು. ನೋಡುವವರಿಗೆ ಅದು ಹಾಡಿನ ಭಾಗ ಎಂದೇ ಅನ್ನಿಸುತ್ತಿತ್ತು. ಕ್ಯಾಸೆಟ್ಟು ಕಾಯುವುದಿಲ್ಲ. ಕೋಲು ಬಿದ್ದರೆ ಬಿದ್ದದ್ದೇ, ಹುಡುಗಿ ಅಳುವುದೇ. ಜೊತೆಗೆ ಮಕ್ಕಳ ಬಾಯಿ ಮುಚ್ಚಿತು. ಹಾಡಬೇಕಾದ ಉಸಿರು ಉಳಿದದ್ದರಿಂದ ಹೆಜ್ಜೆಯ ವೇಗ ಏರಿತು, ವೇಗ ಏರಿದಂತೆ ವರಸೆಗಳು ಸರಳವಾದವು. ತೊಂಬತ್ತರ ದಶಕದಲ್ಲಿ ಗುಜರಾತಿನ ದಾಂಡಿಯಾ ಕ್ಯಾಸೆಟ್ಟುಗಳು ಬಂದು ಮಕ್ಕಳು ಕೋಲನ್ನೇ ದಾಂಡಿಯಾ ಎನ್ನತೊಡಗಿದರು. ದಾಂಡಿಯಾ ಬಗ್ಗೆ ನನಗೆ ತಕರಾರಿಲ್ಲ, ಅದರ ಊರಿನಲ್ಲಿ ಅದಕ್ಕೂ ಒಬ್ಬ ಕಾಕಿ ಇದ್ದೇ ಇರುತ್ತಾಳೆ. ಆದರೆ ಜಡೆ ಕೋಲನ್ನು ಕ್ಯಾಸೆಟ್ಟಿಗೆ ಆಡಲು ಬರುವುದಿಲ್ಲ. ಜಡೆ ಸಿಕ್ಕಾದರೆ ಹಾಡು ನಿಲ್ಲಲೇಬೇಕು. ಹೀಗಾಗಿ ಶಾಲೆಯ ಪಟ್ಟಿಯಿಂದ ಮೊದಲು ಬಿದ್ದುಹೋದದ್ದು ಜಡೆ ಕೋಲು.

ನಾನು ಕಲಿಸಿದ ವರ್ಷಗಳಲ್ಲಿ ಟೇಪ್ ರೆಕಾರ್ಡರನ್ನು ಬೀರುವಿನಲ್ಲಿಟ್ಟು ಹಾಡಿಸಿದೆ. ಸ್ಪರ್ಧೆಗಳಲ್ಲಿ ನಮ್ಮ ಮಕ್ಕಳಿಗೆ ಬಹುಮಾನ ಬರುವುದು ಕಡಿಮೆಯಾಯಿತು. ಹಾಡುತ್ತ ಕುಣಿಯುವ ಮಕ್ಕಳ ದನಿ ನಡುವೆ ಒಡೆಯುತ್ತದೆ, ಮೈಕು ಎಲ್ಲರನ್ನೂ ಹಿಡಿಯುವುದಿಲ್ಲ. ಪಾಲಕರು ಬಂದು, "ಬಾಯಿ, ಬ್ಯಾರೆ ಸಾಲ್ಯಾಗ ಎಷ್ಟು ಚಂದ ಮ್ಯೂಜಿಕ್ ಹಚ್ತಾರ" ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ, ಸ್ಪರ್ಧೆಗೆ ಹೋದರೆ ಗೆಲ್ಲಬೇಕೆಂದು ಮಕ್ಕಳಿಗೂ ಇರುತ್ತದೆ. ನನ್ನ ವರ್ಗವಾದ ಮೇಲೆ ಬಂದವರು ಮ್ಯೂಜಿಕ್ ಹಚ್ಚಿದರು. ಢಾಲುಗಳೂ ಬಂದವು.

ವೇದಿಕೆಯ ಹೊರಗೆ ಆಟ ಹೇಗಿರಬಹುದೆಂದು ಮುಂದೆ ಒಂದು ಮೆರವಣಿಗೆಯಲ್ಲಿ ಕಂಡೆ. ಬೀದರಿಗೆ ಕನ್ನಡ ಸಾಹಿತ್ಯ ಸಮ್ಮೇಳನ ಮೂರು ಸಲ ಬಂದಿದೆ. 1960ರಲ್ಲಿ ಡಿ.ಎಲ್. ನರಸಿಂಹಾಚಾರ್ಯರ ಅಧ್ಯಕ್ಷತೆಯಲ್ಲಿ ನಡೆದದ್ದನ್ನು ಮುತ್ಯಾ ಹೇಳುತ್ತಿದ್ದರು. 2006ರಲ್ಲಿ ಶಾಂತರಸರ ಅಧ್ಯಕ್ಷತೆಯ ಸಮ್ಮೇಳನದ ಮೆರವಣಿಗೆಯನ್ನು ರಸ್ತೆಯ ಬದಿ ನಿಂತು ನಾನೇ ನೋಡಿದೆ. ಮೆರವಣಿಗೆಯಲ್ಲಿ ಕೋಲಾಟದವರು ವೇದಿಕೆಯ ಸಾಲಿನಲ್ಲಿ ನಿಲ್ಲಲಾರರು, ಗುಡಿಯ ಮುಂದಿನಂತೆ ಒಂದೇ ಕಡೆ ಸುತ್ತಲೂ ಆರರು. ಸುತ್ತು ಸುತ್ತುತ್ತಲೇ ಮುಂದೆ ಸರಿಯಬೇಕು. ನೋಡುವವರು ಎರಡೂ ಬದಿ ಇರುವುದರಿಂದ ಬೆನ್ನಿನ ಚಿಂತೆ ಇರುವುದಿಲ್ಲ. ಶಾಲೆಯ ಮಕ್ಕಳಿಗೆ ವೇದಿಕೆ ಬಿಟ್ಟು ರಸ್ತೆ ಕೊಟ್ಟಿದ್ದರೆ ಆಟ ಇಷ್ಟು ಸೊರಗುತ್ತಿರಲಿಲ್ಲ ಎಂದು ಅಂದು ಅನ್ನಿಸಿತು.

ಈಗ ಶಾಲೆಯಲ್ಲಿ ಉಳಿದಿರುವ ಸಾಮಾನು ಇಷ್ಟು: ಒಂದು ತಗಡಿನ ಪೆಟ್ಟಿಗೆಯಲ್ಲಿ ಬಣ್ಣ ಹಚ್ಚಿದ ಕೋಲುಗಳು, ಗೆಜ್ಜೆಯ ಸರಗಳು, ತೊಗಲು ಹರಿದ ತಾಶಾ. ಬೇವಿನ ಮರ ಇಲ್ಲ, ಕೋಣೆ ಕಟ್ಟುವಾಗ ಹೋಯಿತು. ಅಂಗಳಕ್ಕೆ ಕಾಂಕ್ರೀಟು ಹಾಕಿದ್ದಾರೆ, ಹರಳು ಚುಚ್ಚುವುದಿಲ್ಲ, ಆದರೆ ಮಧ್ಯಾಹ್ನ ಕಾಲು ಇಡಲಾಗದಷ್ಟು ಕಾಯುತ್ತದೆ. ಮ್ಯೂಜಿಕ್ ಬಂದ ಮೇಲೆ ಊರಿನಲ್ಲಿ ಬುಲಾಯಿ ಆಡುವ ಮನೆಗಳೂ ಕಡಿಮೆಯಾದವು. ಹಾಡು ಬರುವ ನಾಲ್ಕಾರು ಹೆಂಗಸರು ಇದ್ದಾರೆ. ಕಾಕಿಯ ಸೊಸೆ ಅವರಲ್ಲೊಬ್ಬಳು. ಅತ್ತೆ ನಮಗೆ ಹೇಳಿಕೊಡದ ಹಾಡುಗಳಲ್ಲಿ ಎರಡು ತನಗೆ ಬರುತ್ತವೆ ಎಂದಳು. ಶಾಲೆಯಲ್ಲಿ ಹೇಳುವುದಿಲ್ಲವೆಂದು ಆಕೆಯದೂ ಪಟ್ಟು.

ಶಾಲೆಯ ಉತ್ಸವಕ್ಕೆ ಕೋಲಾಟ ಇರಬೇಕು ಎಂದು ಸಮಿತಿ ತೀರ್ಮಾನಿಸಿದಾಗ ನಾನು ಕೇಳಿದ್ದು ಮೂರು. ಆಟ ವೇದಿಕೆಯ ಮೇಲೆ ಬೇಡ, ಅಂಗಳದ ನಡುವೆ ಆಗಲಿ, ಕುರ್ಚಿಗಳನ್ನು ಸುತ್ತಲೂ ಹಾಕಲಿ. ಹಾಡನ್ನು ಮಕ್ಕಳೂ ಹೆಂಗಸರೂ ಕೂಡಿ ಹೇಳಲಿ, ಮೈಕು ಬೇಡ. ಕಾರ್ಯಕ್ರಮದ ಪತ್ರಿಕೆಯಲ್ಲಿ ಹೇಳಿಕೊಟ್ಟ ಹೆಂಗಸರ ಹೆಸರು, ಅವರು ಒಪ್ಪಿದರೆ, ಮೊದಲು ಬರಲಿ. ಮೊದಲನೆಯದಕ್ಕೂ ಮೂರನೆಯದಕ್ಕೂ ಒಪ್ಪಿದ್ದಾರೆ. ಮೈಕು ಬೇಡ ಎಂದರೆ ಮುಖ್ಯ ಅತಿಥಿಗಳ ಭಾಷಣಕ್ಕೆ ಏನು ಮಾಡುವುದು ಎಂದು ಕೇಳಿದರು. ಭಾಷಣಕ್ಕೆ ಇರಲಿ, ಆಟಕ್ಕೆ ಬಂದ್ ಮಾಡಿರಿ ಎಂದೆ. ಜಡೆ ಕೋಲಿಗೆ ಮರ ಇಲ್ಲದ್ದರಿಂದ ಅಂಗಳದ ನಡುವೆ ಕಬ್ಬಿಣದ ಕಂಬ ನಿಲ್ಲಿಸಿ ಮೇಲೆ ಗಾಲಿಯೊಂದನ್ನು ಕೂಡಿಸಬೇಕು. ವೆಲ್ಡಿಂಗಿನವನು ಅಳತೆ ತೆಗೆದುಕೊಂಡು ಹೋಗಿದ್ದಾನೆ. ಕಾಂಕ್ರೀಟು ಒಡೆಯಲು ಹೆಡ್ ಮಾಸ್ತರರ ಒಪ್ಪಿಗೆ ಸಿಕ್ಕಿದೆ. ಖರ್ಚನ್ನು ಯಾವ ಲೆಕ್ಕಕ್ಕೆ ಹಾಕಬೇಕೆಂದು ಗುಮಾಸ್ತರು ಇನ್ನೂ ಹುಡುಕುತ್ತಿದ್ದಾರೆ.